ಮಾವನ ನಾಲ್ಕು ಮೆಟ್ಟಿಲು

ನಮ್ಮ ಮಾವನ ಜೊತೆ ಹೋಟೆಲಿಗೆ ಹೋಗಿ ಬಿಸಿ ದೋಸೆ ತಿಂದವರು ದೊಡ್ಡಬಳ್ಳಾಪುರದಲ್ಲಿ ಯಾರೂ ಇಲ್ಲ! ಇವರು ನನ್ನ ತಾಯಿಯ ತಮ್ಮ, ಕಾಲೇಜಿನ ಗ್ರಂಥಪಾಲಕರಾಗಿ ನಿವೃತ್ತರಾದವರು. ಹಲ್ಲು ಗಟ್ಟಿಯಾಗಿವೆ, ಹಸಿವೂ ಚೆನ್ನಾಗಿದೆ. ತೊಂದರೆಯೆಲ್ಲ ತಲೆಯಲ್ಲಿ.

ಒಮ್ಮೆ ನಾನು ಸಪ್ಲೈಯರ್‌ಗೆ, "ನಿನ್ನೆ ತಿಂದ ದೋಸೇನೇ ಕೊಡಪ್ಪಾ" ಅಂದೆ. ಅಂದದ್ದೇ ತಪ್ಪಾಯಿತು, ಮಾವ ಶುರುಮಾಡಿದರು.

"ಅದೆಂಗೋ ಕೊಡ್ತಾನೆ? ಅದು ನಿನ್ನ ಹೊಟ್ಟೆಗೆ ಹೋಯ್ತು. ಮಸಾಲೆದೋಸೆ ಅನ್ನೋ ಕಲ್ಪನೆ ಇದೆಯಲ್ಲ, ಅದು ಕೃತಿ. ಈ ಭಟ್ಟರು ಅದನ್ನ ಮಾಡೋ ರೀತಿ, ರೂಪ. ಇವತ್ತಿನ ಹಿಟ್ಟಲ್ಲಿ ಹುಯ್ದಿದ್ದೆಲ್ಲ ಒಂದು ಮುದ್ರಣ. ನಿನ್ನ ತಟ್ಟೇಲಿ ಇರೋದು ಒಂದು ಪ್ರತಿ."

"ಪ್ರತಿ ತಣ್ಣಗಾಗ್ತಿದೆ ಸಾರ್, ತಿನ್ನಿ" ಅಂದ ಸಪ್ಲೈಯರ್.

ಪುಸ್ತಕಗಳ ವಿವರವನ್ನು ಕಂಪ್ಯೂಟರಿಗೆ ಏರಿಸುವವರು ಈಗ ಹೀಗೆ ನಾಲ್ಕು ಮೆಟ್ಟಿಲು ಮಾಡಿಕೊಂಡಿದ್ದಾರಂತೆ. ಇದರ ಬೇರು ಹಳೇ ಕಾಲದ ಗ್ರಂಥಪಾಲಕರಲ್ಲಿದೆ ಎಂಬುದು ಮಾವನ ವಾದ. ಆ ಹಳಬರು ಕೇಳಿದ್ದು ಒಂದೇ ಪ್ರಶ್ನೆ: ಇದು ಯಾವುದಕ್ಕೆ ಸಾಕ್ಷಿ? ಸಾಕ್ಷಿ ಅಂತ ಎತ್ತಿಟ್ಟರೆ ಸಾಕು, ಕಾಗದವೇ ಆಗಬೇಕಿಲ್ಲ, ಯಾವುದಾದರೂ ದಾಖಲೆಯೇ. ನಮ್ಮೂರ ಪಕ್ಕದ ರಾಜಘಟ್ಟದ ಹಳೇ ಬೌದ್ಧವಿಹಾರದ ಇಟ್ಟಿಗೆ ಹೊಲದಲ್ಲಿ ಬಿದ್ದಿದ್ದಾಗ ಬರೀ ಇಟ್ಟಿಗೆ. ಅಗೆದು ತೆಗೆದು ನಂಬರ್ ಹಾಕಿದರೆ ದಾಖಲೆ. ಇದನ್ನು ಕೇಳಿ ಕೇಳಿ ನನಗೆ ಇಟ್ಟಿಗೆ ಕಂಡರೇ ತಲೆನೋವು!

ಪಕ್ಕದ ಮನೆಯವರ ಹಸುವಿನ ಕಿವಿಗೆ ನಂಬರಿನ ಹಳದಿ ಬಿಲ್ಲೆ ಹಾಕಿದ ದಿನ ಮಾವ ಅದರ ಬಾಲದ ಹತ್ತಿರವೇ ನಿಂತು, "ಇನ್ಮೇಲೆ ಇದು ಬರೀ ಹಸು ಅಲ್ಲಮ್ಮ, ದಾಖಲೆ" ಎಂದು ಸಾರಿದರು.

"ಹಿಂದ್ಗಡೆ ನಿಲ್ಬೇಡಿ ಸಾರ್, ದಾಖಲೆ ಒದೀತದೆ!" ಅಂದಳು ಹಸುವಿನ ಒಡತಿ.

ಹೋದ ವರ್ಷ ಅಮ್ಮ ನನ್ನ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಅಡುಗೆಮನೆಯಲ್ಲಿ ಜೋಗುಳ ಹಾಡುತ್ತಿದ್ದಳು. ಮೊಬೈಲಿನಲ್ಲಿ ಹಿಡಿದಿಟ್ಟೆ. ಎರಡನೇ ನುಡಿಯ ಮಧ್ಯದಲ್ಲಿ ಹಾಡು ನಿಲ್ಲಿಸಿ, "ಲೇ, ಹಾಲು ಉಕ್ತಾ ಇದೆ ನೋಡ್ರೋ!" ಎಂದು ಕೂಗಿ, ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದ್ದಳು. ಅದನ್ನು ಕೇಳಿಸಿಕೊಂಡ ಮಾವ ಸುಮ್ಮನಿರಬೇಕಲ್ಲ?

"ಅಕ್ಕಾ, ಹಾಲು ಕೃತಿಯ ಭಾಗ ಅಲ್ಲ. ಕತ್ತರಿಸ್ಬೇಕು."

"ಉಕ್ಕಿದ್ರೆ ಒಲೆ ಒರೆಸೋಳು ನಾನು ಕಣೋ. ನಿನ್ನ ಕೃತಿ ಬಂದು ಒರೆಸುತ್ತಾ?"

ಆಷಾಢದಲ್ಲಿ ಅಮ್ಮ ತೀರಿಕೊಂಡಳು.

ಮುಂದಿನದನ್ನು ನೋಡಿದಂತೆಯೇ ಬರೆಯುತ್ತೇನೆ. ಕಳೆದ ಸೋಮವಾರ ನೆಲಮಂಗಲದಲ್ಲಿ ಬಸ್ಸಿಳಿದೆ. ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದೆ. ಜೇಬಿನಿಂದ ಮೊಬೈಲ್ ರಸ್ತೆಗೆ ಬಿತ್ತು. ಕೈ ಚಾಚುವಷ್ಟರಲ್ಲಿ ಲಾರಿಯ ಮುಂದಿನ ಚಕ್ರ ಹಾಯಿತು. ನಾನು ನೋಡುತ್ತಲೇ ಇದ್ದೆ. ಹಿಂದಿನ ಚಕ್ರಗಳೂ ಹಾದವು. ರಿಪೇರಿಯವನು ಚೂರುಗಳನ್ನು ಬೆರಳಲ್ಲಿ ಸರಿಸಿ ನೋಡಿ, ಏನೂ ಸಿಗುವುದಿಲ್ಲ ಅಂದ. ಆ ಹಾಡನ್ನು ನಾನು ಬೇರೆ ಯಾರಿಗೂ ಕಳಿಸಿರಲಿಲ್ಲ.

ಸಂಜೆ ಮಾವ ಬಂದರು. ಸಮಾಧಾನ ಹೇಳಬೇಕೋ ಬೇಡವೋ?

"ಹೋಗಿದ್ದು ಏನು, ಸರಿಯಾಗಿ ಹೇಳು. ಹಾಡಾ? ಅವಳು ಹಾಡಿದ ರೀತೀನಾ? ಫೈಲಾ? ಫೋನಾ?"

"ಅಮ್ಮನ ದನಿ ಹೋಯ್ತು ಮಾವ! ನಿಮ್ಮ ಮೆಟ್ಟಿಲು ಹಾಳಾಗ್ಹೋಗ್ಲಿ!"

ಮಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ಇದ್ದಿದ್ದು ಒಂದೇ ಪ್ರತೀನೇನೋ?"

"ಒಂದೇ."

ಅವರು ಅಡುಗೆಮನೆಗೆ ಹೋಗಿ ನೆಲದ ಮೇಲೆ ಕೂತರು. ಆಮೇಲೆ ಒಡೆದ ಗಂಟಲಲ್ಲಿ ಜೋಗುಳ ಶುರುಮಾಡಿದರು. ನನ್ನ ತೊಟ್ಟಿಲು ತೂಗುವುದಕ್ಕೆ ಎಷ್ಟೋ ವರ್ಷ ಮೊದಲು ಅಮ್ಮ ಅದೇ ಹಾಡು ಹೇಳಿ ಈ ತಮ್ಮನ ತೊಟ್ಟಿಲು ತೂಗಿದ್ದಳು. ಎರಡನೇ ನುಡಿಯ ಮಧ್ಯದಲ್ಲಿ ಹಾಡು ನಿಲ್ಲಿಸಿದರು. ಮರೆತರು ಅಂದುಕೊಂಡೆ. ಮಾವ ಖಾಲಿ ಒಲೆಯ ಕಡೆ ತಿರುಗಿ, ಥೇಟ್ ಅಮ್ಮನ ಗಾಬರಿಯಲ್ಲೇ ಕೂಗಿದರು: "ಲೇ, ಹಾಲು ಉಕ್ತಾ ಇದೆ ನೋಡ್ರೋ!"

ಮತ್ತೆ ನಿಲ್ಲಿಸಿದಲ್ಲಿಂದಲೇ ಹಾಡಿದರು.

ಮುಗಿದ ಮೇಲೆ ನನ್ನ ಹೆಂಡತಿ ತನ್ನ ಫೋನನ್ನು ಅವರ ಮುಂದಿಟ್ಟು ರೆಕಾರ್ಡಿಂಗ್ ಒತ್ತಿದಳು. ಮಾವ ಗಂಟಲು ಸರಿಮಾಡಿಕೊಂಡು ನನ್ನ ಕಡೆ ನೋಡಿದರು.

"ಹಾಲನ್ನ ಕತ್ತರಿಸ್ಬೇಡ ಕಣೋ."