ಭೀಮರಾಜನ ಸೊಪ್ಪಿನ ರಜೆ

ಶೇವಿಂಗ್ ಮಾಡಿಕೊಳ್ಳುವಾಗ ಬ್ಲೇಡು ತಾಗಿದ್ದು ಇಷ್ಟೇ ಇಷ್ಟು. ಅರ್ಧ ಗಂಟೆಯಾದರೂ ಸಮೇತನಹಳ್ಳಿ ಡೈರಿಯ ಕಾರ್ಯದರ್ಶಿ ಭೀಮರಾಜನ ಗಲ್ಲದ ರಕ್ತ ನಿಲ್ಲುವ ಲಕ್ಷಣ ಕಾಣಲಿಲ್ಲ.

ಪಕ್ಕದ ಮನೆ ಕೊಂಡಪ್ಪ ಓಡಿಬಂದು ಕಾಫಿಪುಡಿ ಮೆತ್ತಿದ. ಅದು ರಕ್ತದ ಜೊತೆ ಇಳಿಯಿತು. ಅರಿಶಿನ ಮೆತ್ತಿದ. ಅದೂ ಇಳಿಯಿತು. ಒಲೆಯ ಬೂದಿಗೆ ಹೊರಟವನನ್ನು ಭೀಮರಾಜನೇ ತಡೆದ.

"ಬಿಡು ಕೊಂಡಣ್ಣ, ತಾನೇ ನಿಲ್ಲುತ್ತೆ."

"ಅದೆಲ್ಲಿ ನಿಲ್ಲುತ್ತೆ! ಹೊಸಕೋಟೆಗೆ ನಡೀರಿ, ಡಾಕ್ಟರಿಗೇ ತೋರಿಸೋಣ," ಎಂದಳು ಹೆಂಡತಿ ಮುತ್ತಮ್ಮ.

ಭೀಮರಾಜ ಬೆಚ್ಚಿಬಿದ್ದ. ರಕ್ತಕ್ಕಲ್ಲ, ಡಾಕ್ಟರ ಹೆಸರಿಗೆ. ಹೃದಯದ ವಾಲ್ವ್ ಬದಲಾಯಿಸಿದಾಗಿನಿಂದ ಅವನು ರಕ್ತ ತೆಳುವಾಗಿರಿಸುವ ಮಾತ್ರೆ ನುಂಗುತ್ತಿದ್ದ. ಹೋದ ತಿಂಗಳು ಒಬ್ಬನೇ ತಪಾಸಣೆಗೆ ಹೋದಾಗ ಡಾಕ್ಟರು, "ಸೊಪ್ಪು ಜಾಸ್ತೀನೂ ಮಾಡ್ಬೇಡಿ, ಕಮ್ಮೀನೂ ಮಾಡ್ಬೇಡಿ," ಎಂದಿದ್ದರು. ಸೊಪ್ಪು ಕಂಡರಾಗದ ಭೀಮರಾಜ ಮನೆಗೆ ಬಂದು, "ಸೊಪ್ಪು ಪೂರ್ತಿ ಬಂದ್ ಅಂದ್ಬಿಟ್ರು ಕಣೆ," ಎಂದು ದುಃಖದ ಮುಖ ಮಾಡಿದ್ದ. ಅವತ್ತಿನಿಂದ ಮನೆಯಲ್ಲಿ ಮಸ್ಸೊಪ್ಪಿಲ್ಲ, ಬಸ್ಸಾರಿಲ್ಲ.

ಕರೆಯದಿದ್ದರೂ ಕೊಂಡಪ್ಪ ಆಟೋದಲ್ಲಿ ಬಂದು ಕೂತ. ಕ್ಲಿನಿಕ್ಕಿನಲ್ಲಿ ಭೀಮರಾಜ, "ನೀವಿಬ್ರೂ ಇಲ್ಲೇ ಕೂತಿರಿ," ಎಂದ. ಇಬ್ಬರೂ ಅವನಿಗಿಂತ ಮೊದಲೇ ಒಳಗಿದ್ದರು.

ಅಲ್ಲೇ ಮಾಡಿಸಿದ ರಕ್ತಪರೀಕ್ಷೆಯ ಚೀಟಿ ನೋಡಿ ಡಾಕ್ಟರು ಹುಬ್ಬೇರಿಸಿದರು. "ರಕ್ತ ತುಂಬಾ ತೆಳುವಾಗಿದೆಯಲ್ಲ! ಊಟ ಏನಾದ್ರೂ ಬದಲಾಯಿಸಿದ್ರಾ?"

"ಇಲ್ಲ ಸಾರ್," ಎಂದ ಭೀಮರಾಜ, ಡಾಕ್ಟರಿಗೆ ಕಣ್ಣು ಮಿಟುಕಿಸುತ್ತ.

"ಕಣ್ಣಿಗೇನಾಯ್ತು?"

"ನೀವು ಹೇಳ್ದಂಗೇ ಇದ್ದಾನೆ ಸಾರ್," ಕೊಂಡಪ್ಪ ಎದೆಯುಬ್ಬಿಸಿದ. "ಒಂದು ತಿಂಗಳಿಂದ ಒಂದೆಲೆ ಸೊಪ್ಪು ಮುಟ್ಟಿಲ್ಲ. ಮದುವೆ ಊಟದಲ್ಲಿ ಬಡಿಸಿದ್ದ ಪಲ್ಯಾನೂ ನಾನೇ ಎತ್ಕೊಂಡ್ಬಿಟ್ಟೆ!"

"ಬಿಡಿ ಅಂತ ಯಾರ್ರೀ ಹೇಳಿದ್ದು?" ಡಾಕ್ಟರು ಕನ್ನಡಕ ತೆಗೆದರು. "ರಕ್ತ ಹೆಪ್ಪುಗಟ್ಟೋಕೆ ವಿಟಮಿನ್ ಕೆ ಬೇಕು, ಅದು ಸೊಪ್ಪಲ್ಲಿದೆ. ನಿಮ್ಮ ಮಾತ್ರೆ ಅದಕ್ಕೆ ಎದುರು ಕೆಲಸ ಮಾಡುತ್ತೆ. ದಿನಾ ತಿನ್ನೋ ಸೊಪ್ಪು ನೋಡ್ಕೊಂಡೇ ಮಾತ್ರೆ ಕೊಟ್ಟಿದ್ದು. ಮೊದಲಿನ ಹಾಗೆ ಎರಡು ಹೊತ್ತೂ ಒಂದೊಂದು ಸೌಟು ತಿನ್ನಿ. ಎರಡು ದಿನ ಮಾತ್ರೆ ಬೇಡ, ಮೂರನೇ ದಿನ ಬಂದು ಮತ್ತೆ ರಕ್ತ ಕೊಡಿ."

ಮುತ್ತಮ್ಮ ಗಂಡನ ಮುಖವನ್ನೊಮ್ಮೆ ನೋಡಿದಳು. ಬಾಯಿಗೆ ಬಂದಂತೆ ಬೈದಿದ್ದರೂ ಭೀಮರಾಜ ನೆಮ್ಮದಿಯಾಗಿರುತ್ತಿದ್ದ. ವಾಪಸು ಬರುವಾಗ ಸಂತೆಬೀದಿಯಲ್ಲಿ ಆಟೋ ನಿಲ್ಲಿಸಿ ದಂಟು, ಕೀರೆ, ಸಬ್ಬಸಿಗೆ ಎಂದು ಚೀಲ ತುಂಬಿಸಿದಳು.

ಮನೆಗೆ ಬಂದವಳೇ ಚೀಲವನ್ನು ಜಗುಲಿಯ ಮೇಲೆ ಅವನ ಮುಂದೆ ಸುರಿದಳು.

"ತಪ್ಪಾಯ್ತು ಕಣೆ. ತಿಂತೀನಿ ಬಿಡು."

"ತಿನ್ನೋದು ಹೆಂಗೂ ಇದ್ದಿದ್ದೇ. ಮೊದ್ಲು ಬಿಡಿಸಿ. ಇಪ್ಪತ್ತೈದು ವರ್ಷ ದಿನಾ ಸೊಪ್ಪು ಬಿಡಿಸಿ ನನ್ನ ಉಗುರೆಲ್ಲ ಕಪ್ಪಾಗಿತ್ತು. ಈ ಒಂದು ತಿಂಗಳು ಎಷ್ಟು ಆರಾಮಾಗಿದ್ದೆ ಗೊತ್ತಾ? ರಜೆ ಮುಗಿದಿರೋದು ನಿಮಗೆ ಕಣ್ರೀ, ನಂಗಲ್ಲ."

ಭೀಮರಾಜ ಗಲ್ಲಕ್ಕೆ ಡಾಕ್ಟರು ಹಾಕಿದ್ದ ಪಟ್ಟಿ ಸರಿಪಡಿಸಿಕೊಂಡು ಮೊದಲ ದಂಟು ಮುರಿದ. ಅಷ್ಟರಲ್ಲಿ ಕೊಂಡಪ್ಪ ಒಂದು ತೆಕ್ಕೆ ಮೆಂತ್ಯ ತಂದು ಪಕ್ಕದಲ್ಲಿಟ್ಟ.

"ಹೆಂಗೂ ಕೂತಿದ್ದೀಯಲ್ಲಪ್ಪಾ. ನಮ್ಮನೇದೂ ಬಿಡಿಸ್ಕೊಟ್ಬಿಡು."