ಗೌರವ್ವ ಕುದುರೆ ಹತ್ತಲಿಲ್ಲ

ಇನ್ನೊಬ್ಬರ ಭಕ್ತಿ ಎಷ್ಟು ಗಟ್ಟಿ ಅಂತ ಅಳೆಯುವುದು ಭಾಳ ಸುಲಭದ ಕೆಲಸ. ಕುಂತಲ್ಲೇ ಮಾಡಬಹುದು. ನಾನು ಎರಡನೇತ್ತೆ ಕಲಿತಾಕಿ, ಸಹಿ ಮಾಡುವಾಗ ಬೆವರು ಬರತದ. ಆದರೆ ಈ ಅಳತೆಯ ಕೆಲಸದಾಗ ನನ್ನ ಮೀರಿಸುವವರು ನಮ್ಮೂರು ಬಿಳೂರಿನಾಗ ಇರಲಿಲ್ಲ. ಯಾರು ಪೂಜೆಗೆ ಮೊದಲು ಚಹಾ ಕುಡಿದರು, ಯಾರು ಸೋಮವಾರ ಒಪ್ಪತ್ತು ಅಂತ ಹೇಳಿ ಹಿತ್ತಲದಾಗ ಶೇಂಗಾ ಮುಕ್ಕಿದರು, ಎಲ್ಲಾ ನನಗೆ ಗೊತ್ತು.

ನಮ್ಮ ಮನಿಗೆ ಮೊಬೈಲ್ ಇನ್ನೂ ಬಂದಿರದ ಕಾಲ. ಜತ್ತದಿಂದ ಕೇದಾರಕ್ಕೆ ಯಾತ್ರೆಯ ಬಸ್ ಹೊಂಟಿತು. ನಾನೂ ನನ್ನ ಮೈದುನನ ಹೆಂಡತಿ ಗೌರವ್ವನೂ ಹೋದೆವು. ಆಕಿ ನನಗಿಂತ ಎರಡು ವರ್ಷ ಸಣ್ಣಾಕಿ, ಆಕಿಯ ಮೊಣಕಾಲು ಮಾತ್ರ ನನ್ನವಕ್ಕಿಂತ ಹತ್ತು ವರ್ಷ ಮುಪ್ಪು. ಗುಡ್ಡದ ಬುಡದಾಗ ಬಸ್ ನಿಂತಿತು. ಮೇಲಕ್ಕೆ ಒಂದು ದಿನದ ಹಾದಿ. ಕುದುರೆಯವರು ಮುತ್ತಿಕೊಂಡರು.

"ಯಕ್ಕಾ, ನಾ ಕುದರಿ ಮ್ಯಾಲ ಬರ್ತೀನ್ರಿ. ಮಣಕಾಲ ಕೇಳಂಗಿಲ್ಲ," ಅಂದಳು ಗೌರವ್ವ.

ನಮ್ಮ ಕಡೆ ಶ್ರೀಶೈಲಕ್ಕೆ ಬಿಸಿಲಾಗ ಬರಿಗಾಲಲ್ಲಿ ನಡೆದು ಹೋಗುವ ಪದ್ಧತಿ. ನಾನು ನಾಲ್ಕು ಸಲ ಹೋಗಿದ್ದೆ. ಆ ಸೊಕ್ಕು ಇತ್ತು. "ಮಲ್ಲಯ್ಯನ ಕಡೆ ನಡಕೋತ ಹೋಗೋ ಮನೆತನ ನಮ್ದು. ಕುದರಿ ಮ್ಯಾಲ ಕುಂತ್ರ ಪುಣ್ಯ ಕುದರಿಗೆ ಹೋಗತೈತಿ," ಅಂದೆ. ಬಸ್ಸಿನ ಮಂದಿ ನಕ್ಕರು. ಗೌರವ್ವ ನಗಲಿಲ್ಲ. ಸೆರಗು ಬಿಗಿದು ನಡೆದಳು.

ಬಿಸಿಲು ನಮ್ಮೂರ ಬಿಸಿಲಿನಂಗೇ ಚುರುಗುಟ್ಟುತ್ತಿತ್ತು, ಅದಕ್ಕೇ ನಾನು ಮೋಸಹೋದೆ. ನೆತ್ತಿ ಸುಡುತ್ತದೆ, ಕಾಲು ಮರಗಟ್ಟುತ್ತದೆ. ಎರಡೂ ಕಡೆ ಹಿಮ, ಕಣ್ಣು ತೆರೆದರೆ ನೀರು. ಹಾದಿಯೋ ನಿಚ್ಚಣಿಕೆ ನಿಲ್ಲಿಸಿದಂಗೆ. ಶ್ರೀಶೈಲದಾಗ ಉಸಿರಾಡಲಿಕ್ಕೆ ಗಾಳಿಯಾದರೂ ಇತ್ತು. ಅರ್ಧ ಹಾದಿಗೆ ಗೌರವ್ವ ಒಂದು ಚಹಾದಂಗಡಿಯ ಬೆಂಚಿನ ಮೇಲೆ ಕುಂತುಬಿಟ್ಟಳು. ತುಟಿ ಕಪ್ಪಿಟ್ಟಿದ್ದವು. 'ಈಗರ ಕುದರಿ ಹತ್ತವಾ' ಅನ್ನುವ ಮಾತು ನನ್ನ ಬಾಯಿತನಕ ಬಂತು. ಹಿಂದೆ ಬಸ್ಸಿನ ಮಂದಿ ಇದ್ದರು. ನುಂಗಿಕೊಂಡೆ.

"ನೀವು ನಡೀರಿ ಯಕ್ಕಾ. ನಾ ಇಲ್ಲಿಂದನ ಕೈ ಮುಗೀತೀನಿ. ಸುಮ್ನ ಕುದರಿಗ್ಯಾಕ ಪುಣ್ಯ?" ಅಂದಳು.

ನಡೆದೆ. ಎರಡು ತಿರುವು ದಾಟುವುದರೊಳಗ ಹಿಮದ ಮೇಲೆ ಜಾರಿ ಬಿದ್ದೆ, ಕಾಲಿನ ಹರಡು ಬಾತಿತು. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಮಂದಿಯನ್ನು ಹೊರುವ ಆಳೊಬ್ಬ ಬಂದು, ಮೇಲಕ್ಕೋ ಕೆಳಕ್ಕೋ ಅಂತ ಕೈಸನ್ನೆ ಮಾಡಿದ. ಕೆಳಕ್ಕೆ ಅಂದರೆ ಗೌರವ್ವನ ಮುಂದೆ ಹಾಯ್ದು ಹೋಗಬೇಕು. ಮೇಲಕ್ಕೆ ಬೆರಳು ತೋರಿಸಿದೆ. ಆ ಬುಟ್ಟಿಯಾಗ ಹಿಂದಕ್ಕೆ ಮುಖ ಮಾಡಿ ಕುಂದರಬೇಕು. ಹಂಗಾಗಿ ದೇವರ ಕಡೆ ಬೆನ್ನು ಮಾಡಿ, ಕೆಳಗೆ ಆ ಬೆಂಚಿನ ಮೇಲೆ ಸಣ್ಣದಾಗುತ್ತ ಹೋದ ಗೌರವ್ವನ ಹಸಿರು ಸೀರೆ ನೋಡುತ್ತಲೇ ಕೇದಾರ ಮುಟ್ಟಿದೆ.

ಗೌರವ್ವ ಆಗಲೇ ಕೆಳಗಿಳಿದು ಬಸ್ಸಿನ ಹತ್ತಿರ ಕಾಯುತ್ತಿದ್ದಳು; ಮರುದಿನ ಬಸ್ ಕಾಣುವ ಮೊದಲೇ ಬುಟ್ಟಿಯಿಂದ ಇಳಿದು ಕುಂಟುತ್ತ ಬಂದೆ. ಬಸ್ಸಿನ ಮಂದಿ ಬಾಯಿ ಬಿಡಲಿಲ್ಲ, ಅವರೂ ಅರ್ಧಕ್ಕರ್ಧ ಕುದುರೆ ಏರಿದ್ದರು. "ಎಷ್ಟ ನಡದೀರಿ ಯಕ್ಕಾ, ಕಾಲು ಹೆಂಗ ಬಾತಾವ ನೋಡ್ರಿ," ಅಂತ ಗೌರವ್ವ ಎಣ್ಣೆ ತಿಕ್ಕಿದಳು. ಹೇಳಬೇಕಿತ್ತು. ಹೇಳಲಿಲ್ಲ. ಮುಂದಿನ ವರ್ಷ ಆಕೀನ್ನ ಕುದುರೆ ಮೇಲೆ ಕೂಡಿಸಿ ಕರಕೊಂಡು ಹೋಗತೀನಿ ಅಂದುಕೊಂಡೆ. ಆ ಚಳಿಗಾಲಕ್ಕೇ ಆಕಿ ತೀರಿಹೋದಳು.

ಯಾತ್ರೆ ಮಾಡಿ ಬಂದವರ ಕಾಲಿಗೆ ನೀರು ಹಾಕಿ ಬೀಳುವುದು ನಮ್ಮಲ್ಲಿ ರೂಢಿ. ಕೇದಾರದಿಂದ ಊರಿಗೆ ಬಂದ ದಿನ ನನ್ನ ಕಾಲಿಗೆ ಮೊದಲ ತಂಬಿಗೆ ನೀರು ಹಾಕಿದಾಕಿ ಗೌರವ್ವನೇ. ಈಗಲೂ ಯಾರಾದರೂ, ಕೇದಾರಕ್ಕೆ ನಡೆದು ಹೋದಾಕಿ ಅಂತ ಬಗ್ಗಿದರೆ, "ಬ್ಯಾಡ್ರೋ, ಈ ಕಾಲು ನಡದಿಲ್ಲ," ಅಂತ ಹಿಂದಕ್ಕೆ ಎಳಕೊಳ್ಳತೀನಿ. ಮುದುಕಿಗೆ ಒಂದಿಷ್ಟೂ ದೊಡ್ಡಸ್ತಿಕೆ ಇಲ್ಲ ನೋಡು ಅಂತ ಇನ್ನೊಮ್ಮೆ ಬೀಳತಾರ.