ಗಂಟಲಿಗೊಂದು ನಂಬರು

ರೋಗಕ್ಕೆ ಹೆಸರಿಡುವ ನೌಕರಿಯಲ್ಲಿದ್ದವನಿಗೆ ನಗುವಿಗೆ ಬರವಿಲ್ಲ. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ದವಾಖಾನೆಯ ಗುಮಾಸ್ತ, ಡಾಕ್ಟರರ ಹಿಂದೆ ಊರೂರು ತಿರುಗುತ್ತಿದ್ದೆ. ಅಲ್ಲಿಯ ತನಕ ರೋಗದ ಹೆಸರನ್ನು ಉರ್ದುವಿನಲ್ಲಿ ಬರೆಯುತ್ತಿದ್ದೆವು. ಬೆಂಗಳೂರಿನಿಂದ ಹುಕುಂ ಬಂತು: ಹೆಸರು ಬೇಡ, ನಂಬರು ಬರೆಯಿರಿ. ಉಣ್ಣುವುದರಲ್ಲಿ ಅಯೋಡಿನ್ ಸಾಲದೆ ಕುತ್ತಿಗೆ ಊದುವ ಗಳಗಂಡಕ್ಕೆ ಇನ್ನೂರೈವತ್ತು.

ಔರಾದ

ಒಬ್ಬರಿಗೆ ಒಂದೇ ನಂಬರು ಎಂಬುದು ನಿಯಮ. ಒಬ್ಬ ಮುದುಕರು ಕೆಮ್ಮು, ಮೊಣಕಾಲು ನೋವು, ಗಳಗಂಡ ಮೂರನ್ನೂ ಹೊತ್ತು ಬಂದರು.

"ಒಂದೇ ಬರೀಬೇಕ್ರಿ ಅಜ್ಜಾ, ಯಾವುದು ಬರೀಲಿ?"

ಅಜ್ಜ ಯೋಚಿಸಿದರು. "ಕೆಮ್ಮೇ ಬರೀರಿ. ಗಂಟಲು ಎಲ್ಲಾರಿಗೂ ಕಾಣ್ತದ, ಅದನ್ನ ಮತ್ತ ಯಾಕ ಬರೀತೀರಿ?"

ಬೀದರ

ಕುತ್ತಿಗೆಯ ಸುತ್ತಳತೆಯನ್ನೂ ಬರೆಯಬೇಕಿತ್ತು. ಟೇಪು ಇರಲಿಲ್ಲ. ಎದುರಿನ ದರ್ಜಿಯನ್ನು ಕೇಳಿದರೆ ಆತ ಟೇಪು ಬಿಟ್ಟಿರಲಾರದೆ ತಾನೂ ಜೊತೆಗೆ ಬಂದ. ಬಗದಲ್ ಕಡೆಯ ಒಬ್ಬ ರೈತ ಕುತ್ತಿಗೆ ಅಳೆಸಿಕೊಂಡ ಮೇಲೂ ಕದಲಲಿಲ್ಲ, ಎರಡೂ ಕೈ ಅಗಲಿಸಿ ನಿಂತ.

"ಮುಗೀತ್ರಿ, ಹೋಗ್ರಿ" ಎಂದೆ.

"ತೋಳಿನ ಅಳತಿ ಯಾರ್ ತಗೋತಾರ್ರಿ? ಹೊಸ ಸರ್ಕಾರ ಅಂಗಿ ಕೊಡ್ತದಂತ ನಮ್ಮೂರಾಗ ಸುದ್ದಿ ಅದ. ಜೇಬು ಎರಡಿರ್ಲಿ."

ಭಾಲ್ಕಿ

ಭಾತಂಬ್ರಾದ ಒಬ್ಬ ತಾಯಿ ಮಗಳನ್ನು ಕರೆತಂದಳು. ಹುಡುಗಿಯ ಗಂಟಲು ತುಸು ಊದಿತ್ತು. ಮದುವೆ ಮಾತು ನಡೆದಿತ್ತು, ಸುದ್ದಿ ಹೊರಬಿದ್ದರೆ ಗಂಡಿನವರು ಹಿಂದೆ ಸರಿಯುತ್ತಾರೆಂಬ ಭಯ.

"ಚೀಟಿ ಮ್ಯಾಲ ಗಳಗಂಡ ಅಂತ ಬರೀಬ್ಯಾಡ್ರಿ ಅಣ್ಣಾ, ಕೈ ಮುಗೀತೇನಿ."

"ಬರೇ ನಂಬರ್ ಇರ್ತದವ್ವಾ, ಯಾರಿಗೂ ತಿಳಿಯಂಗಿಲ್ಲ" ಎಂದೆ. ಆಕೆಯ ಮುಖ ನೋಡಿ ನನಗೂ ಪಾಪ ಅನಿಸಿತು.

ನಮ್ಮ ಕಂಪೌಂಡರರಿಗೆ ನಂಬರಿನ ಹುಚ್ಚು. ಗುಟ್ಟು ಉಳಿಯಲೆಂದು ಹೆಸರಿನ ಬದಲು ರೋಗದ ನಂಬರನ್ನೇ ಕೂಗಿ ಔಷಧಿ ಕೊಡುತ್ತಿದ್ದರು. ಮುಂದಿನ ಸಂತೆಯ ದಿನ ಕಿಟಕಿಯಿಂದ ಕೂಗಿದರು, "ಇನ್ನೂರೈವತ್ತು ಯಾರ್ರಿ?"

ತಾಯಿ-ಮಗಳು ಎದ್ದರು. ಬಾಗಿಲ ಬಳಿ ಕುತ್ತಿಗೆಗೆ ಸೆರಗು ಸುತ್ತಿ ಕೂತಿದ್ದ ಇನ್ನೊಬ್ಬ ಹೆಂಗಸೂ ಎದ್ದಳು. ಆಕೆ ಮದುವೆಯ ಮಾತು ನಡೆದಿದ್ದ ಹುಡುಗನ ತಾಯಿ.

ಹುಡುಗಿಯ ತಾಯಿ ಮಗಳನ್ನು ಹಿಂದಕ್ಕೆಳೆದಳು. ಹುಡುಗನ ತಾಯಿ ಹುಡುಗಿಯ ಗಂಟಲು ನೋಡಿದಳು, ಕಿಟಕಿಯಲ್ಲಿದ್ದ ಒಂದೇ ಬಣ್ಣದ ಎರಡು ಬಾಟ್ಲಿ ನೋಡಿದಳು, ನಿಧಾನವಾಗಿ ಸೆರಗು ಬಿಚ್ಚಿದಳು.

"ಜಾತಕ ಕೂಡಂಗಿಲ್ಲ ಅಂತ ಐನೋರು ಅಂದಿದ್ರು. ನಂಬರ್ ಕೂಡ್ಯಾವಲ್ರಿ ಬೀಗತಿ, ಮುಹೂರ್ತ ನೋಡಸ್ರಿ" ಎಂದವಳು ಕಂಪೌಂಡರರ ಕಡೆ ತಿರುಗಿದಳು. "ಇನ್ನ ಎರಡ್ ಬಾಟ್ಲಿ ಯಾಕ್ರಿ? ಒಂದೇ ಮನಿ ಆಯ್ತು, ದೊಡ್ಡದು ಒಂದು ಕೊಡ್ರಿ."